ಕೊಳ್ಳುವವನ ಕಣ್ಣು, ಮಾರುವವನ ಮಾತು

ಸಂಸಾರಿಯಾದವನಿಗೆ ಕೊಡುವುದು, ಕೊಳ್ಳುವುದು ತಪ್ಪಿದ್ದಲ್ಲ. ಒಂದಲ್ಲ ಒಂದು ವಿಧದಲ್ಲಿ ಪ್ರತಿಯೊಬ್ಬನೂ ಮಾರುವವನೋ ಕೊಳ್ಳುವವನೋ ಆಗಿಯೇ ಇರುತ್ತಾನೆ. ಉಪ್ಪನ್ನೋ ಅಕ್ಕಿಯನ್ನೋ ಕೊಳ್ಳುವಾಗ ಧರ್ಮಸಂಕಟಕ್ಕೆ ಅಷ್ಟಾಗಿ ಎಡೆಯಿಲ್ಲ. ತಕ್ಕಡಿ ಇಬ್ಬರ ಕಣ್ಣ ಮುಂದೆಯೇ ತೂಗುತ್ತದೆ. ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಬಹುದು. ಪೇಟೆಯ ಧಾರಣೆಯೂ ಎಲ್ಲರಿಗೆ ತಿಳಿದಿರುತ್ತದೆ. ಆದರೆ ಮಾರುವ ವಸ್ತುವಿಗೆ ಒಂದು ಹೊರಗು, ಒಂದು ಒಳಗು ಇದ್ದು, ಒಳಗಿನ ಸ್ಥಿತಿ ಒಬ್ಬನಿಗೆ ಮಾತ್ರ ತಿಳಿದಿರುವಾಗ ಪ್ರಶ್ನೆ ಏಳುತ್ತದೆ. ತಿಳಿದವನು ತಿಳಿಯದವನಿಗೆ ಎಷ್ಟನ್ನು ಹೇಳಬೇಕು? ಕೇಳದಿದ್ದರೂ ಹೇಳಬೇಕೆ? ಬಾಯಿ ಬಿಡದೆ ಸುಮ್ಮನಿರುವುದೂ ಸುಳ್ಳಾಗುವುದುಂಟೆ? ಚೌಕಾಸಿ ಮಾಡುವುದು ಧರ್ಮವೆ, ಅಧರ್ಮವೆ?

ಈ ಪ್ರಶ್ನೆಗಳನ್ನು ಬರಿಯ ತತ್ತ್ವದ ಮಾತಿನಲ್ಲಿ ಹಿಡಿಯಹೊರಟರೆ ಅವು ಕೈಗೆ ಸಿಕ್ಕುವುದಿಲ್ಲ. ಆದುದರಿಂದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನಲ್ಲಿ ಹಳೆಯ ಕಾಲದ ಸ್ಪೋರ್ಟ್ಸ್ ಕಾರುಗಳನ್ನು ಕೊಂಡು, ದುರಸ್ತಿ ಮಾಡಿ, ಪ್ರೀತಿಯಿಂದ ಇಟ್ಟುಕೊಳ್ಳುವ ಹವ್ಯಾಸ ಬಹು ಜನರಲ್ಲಿದೆ. ಇದು ಹೊಟ್ಟೆಪಾಡಿನ ವ್ಯಾಪಾರವಲ್ಲ. ಅದನ್ನು ಕೊಳ್ಳದಿದ್ದರೆ ಯಾರ ಒಲೆಯೂ ಆರುವುದಿಲ್ಲ. ಕೇವಲ ಒಲವಿನಿಂದ ನಡೆಯುವ ಈ ವ್ಯವಹಾರದಲ್ಲಿ ಅವಶ್ಯಕತೆಯ ನೆಪ ಹೇಳಿಕೊಳ್ಳಲು ಅವಕಾಶವಿಲ್ಲದ ಕಾರಣ ಮನುಷ್ಯನ ಸ್ವಭಾವ ಇಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಿಸುತ್ತದೆ.

ಇಂತಹ ಕಾರುಗಳಲ್ಲಿ ಎಂ.ಜಿ.ಬಿ. ಎಂಬುದು ಒಂದು. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಹೆಸರಿನ ಮೊದಲಕ್ಷರಗಳೇ ಎಂ.ಜಿ. ಎಂಬ ಗುರುತಾದವು. ಎಂ.ಜಿ.ಬಿ.ಯು ೧೯೬೨ರಿಂದ ೧೯೮೦ರ ವರೆಗೆ ಅಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾಯಿತು. ತೆರೆದ ಮೈಯದು, ಮುಚ್ಚಿದ ಮೈಯದು ಎರಡನ್ನೂ ಸೇರಿಸಿದರೆ ಅವುಗಳ ಸಂಖ್ಯೆ ಐದು ಲಕ್ಷವನ್ನು ಮೀರುತ್ತದೆ. ೧,೭೯೮ ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಇಂಜಿನು, ಎರಡು ಕಾರ್ಬ್ಯುರೇಟರು, ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ ಬ್ರೇಕು — ರಚನೆ ಬಹು ಸರಳ. ಕೈಕೆಲಸ ಬಲ್ಲವನು ಮನೆಯ ಅಂಗಳದಲ್ಲಿಯೇ ಬಿಚ್ಚಿ ಜೋಡಿಸಬಹುದು. ಬಿಡಿಭಾಗಗಳೂ ಸುಲಭವಾಗಿ ದೊರೆಯುತ್ತವೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ೧೯೮೮ರಲ್ಲಿ ಹಳೆಯ ಅಚ್ಚುಗಳನ್ನೇ ಬಳಸಿ ಇದರ ಇಡೀ ಮೈಯನ್ನು ಹೊಸದಾಗಿ ತಯಾರಿಸಲು ಆರಂಭಿಸಿತು.

ಇಡೀ ಮೈಯನ್ನೇ ಹೊಸದಾಗಿ ಮಾಡುವ ಅಗತ್ಯ ಏಕೆ ಬಿದ್ದಿತು ಎಂಬುದರಲ್ಲಿಯೇ ನಮ್ಮ ವಿಷಯದ ತಿರುಳಿದೆ. ಇದಕ್ಕೆ ಹಿಂದಿನ ಎಂ.ಜಿ.ಎ. ಎಂಬ ಕಾರಿಗೆ ಕೆಳಗೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟು ಇದ್ದಿತು. ಮೈ ಅದರ ಮೇಲೆ ಕೂಡುತ್ತಿತ್ತು. ಎಂ.ಜಿ.ಬಿ.ಗೆ ಅಂತಹ ಚೌಕಟ್ಟು ಇಲ್ಲ. ತಗಡನ್ನು ಮಡಿಸಿ ಬೆಸೆದ ಮೈಯೇ ಅದರ ಎಲುಬು. ತೆರೆದ ಕಾರಿನಲ್ಲಿ ಮೇಲೆ ಗಟ್ಟಿಯಾದ ಛಾವಣಿಯೂ ಇಲ್ಲದ ಕಾರಣ, ಬಾಗಿಲ ಕೆಳಗೆ ಮುಂದಿನಿಂದ ಹಿಂದಕ್ಕೆ ಹಾಯುವ ಹೊಸ್ತಿಲಿನಂತಹ ಪಟ್ಟಿಗಳೇ ಭಾರದ ಬಹುಭಾಗವನ್ನು ಹೊರುತ್ತವೆ. ಈ ಹೊಸ್ತಿಲು ಒಂದೇ ತಗಡಲ್ಲ. ಹೊರಗೊಂದು, ನಡುವೆ ಒಂದು, ಒಳಗೊಂದು ಹೀಗೆ ಪದರ ಪದರವಾದ ಪೆಟ್ಟಿಗೆ. ಮಳೆನೀರು, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಇವುಗಳಿಂದ ತುಕ್ಕು ಒಳಗಿನ ಪದರದಲ್ಲಿ ಹುಟ್ಟಿ ಹೊರಗೆ ಬರುತ್ತದೆ. ಹೊರಗೆ ಒಂದು ಗುಳ್ಳೆ ಕಾಣುವ ವೇಳೆಗೆ ಒಳಗೆ ಅಂಗೈಯಗಲ ಪುಡಿಯಾಗಿರಬಹುದು.

ಹೊರಗಿನ ಗುಳ್ಳೆಯನ್ನು ಮುಚ್ಚುವುದು ಬಹು ಸುಲಭ. ಕೆರೆದು, ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹಚ್ಚಿದರೆ ಕೆಂಪು ಕಾರು ಮದುವಣಗಿತ್ತಿಯಂತೆ ಹೊಳೆಯುತ್ತದೆ. ಬಹಿರಂಗಕ್ಕೆ ಶೃಂಗಾರ, ಅಂತರಂಗಕ್ಕೆ ತುಕ್ಕು. ಬಲ್ಲವರು ಇದನ್ನು ಕಂಡುಹಿಡಿಯುವ ಉಪಾಯಗಳನ್ನು ಇಟ್ಟುಕೊಂಡಿದ್ದಾರೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹೊಸ್ತಿಲಿನ ಮೇಲೆ ಓಡಿಸಿದರೆ ತಗಡು ಇರುವಲ್ಲಿ ಅಂಟುತ್ತದೆ, ಪುಟ್ಟಿ ಇರುವಲ್ಲಿ ಜಾರುತ್ತದೆ. ಜಾಕು ಕೊಟ್ಟು ಕಾರಿನ ಒಂದು ಪಕ್ಕವನ್ನು ಎತ್ತಿದಾಗ ಬಾಗಿಲ ಸಂದು ಕಿರಿದಾಗಿ ಬಾಗಿಲು ಬಿಗಿದರೆ ಎಲುಬು ಸಡಿಲಿದೆಯೆಂದು ತಿಳಿಯಬೇಕು. ತಂತಿ ಕಡ್ಡಿಗಳ ಚಕ್ರವಿದ್ದರೆ ಬ್ರೇಕು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಟಕ್ಕೆಂಬ ಶಬ್ದ ಬಂದಲ್ಲಿ ಗುಂಬದ ಹಲ್ಲುಗಳು ಸವೆದಿವೆಯೆಂದು ಅರ್ಥ. ನಮ್ಮ ರೈತನು ಎತ್ತಿನ ಹಲ್ಲು, ಗೊರಸು, ಹೆಗಲು ನೋಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ಎಷ್ಟು ನೋಡಿದರೂ ಮೂರು ಪದರದ ಒಳಗನ್ನು ಪೂರ್ತಿ ನೋಡಲಾಗುವುದಿಲ್ಲ. ಅಲ್ಲಿ ಕಣ್ಣು ಸೋಲುತ್ತದೆ, ಮಾತನ್ನು ನಂಬಬೇಕಾಗುತ್ತದೆ.

ಈಗ ವ್ಯಾಪಾರವನ್ನು ಊಹಿಸಿಕೊಳ್ಳೋಣ. ಮಾರುವವನು ಒಂಬತ್ತು ಸಾವಿರ ಪೌಂಡು ಕೇಳುತ್ತಾನೆ. ಎರಡು ವರ್ಷದ ಹಿಂದೆ ಹೊಸ್ತಿಲಿಗೆ ಪುಟ್ಟಿ ಮೆತ್ತಿಸಿದ್ದು ಅವನಿಗೆ ಗೊತ್ತು. ಎರಡು ಪಕ್ಕದ ಹೊಸ್ತಿಲನ್ನೂ ಕತ್ತರಿಸಿ ಹೊಸದಾಗಿ ಬೆಸೆಯಲು ಮೂರು ಸಾವಿರ ಬೇಕೆಂದು ಮೇಸ್ತ್ರಿ ಹೇಳಿದ್ದೂ ನೆನಪಿದೆ. ಅವನು ಸುಳ್ಳು ಹೇಳುವುದಿಲ್ಲ. “ನೋಡಿಕೊಳ್ಳಿ, ಇದ್ದದ್ದು ಇದ್ದಂತೆ ಮಾರುತ್ತೇನೆ” ಎನ್ನುತ್ತಾನೆ. ಕೊಳ್ಳುವವನೂ ಸಾಮಾನ್ಯನಲ್ಲ. ಅವನಿಗೆ ಕಾರಿನ ಮೇಲೆ ಮನಸ್ಸು ಕೂತಿದೆ. ಆದರೂ ಮುಖ ಸಿಂಡರಿಸಿ, ಆಸನದ ಹೊಲಿಗೆ ಬಿಚ್ಚಿದ್ದನ್ನು ತೋರಿಸಿ, ಏನೂ ಆಗದ ಗೇರುಪೆಟ್ಟಿಗೆಯನ್ನು “ಇದು ಹೆಚ್ಚು ದಿನ ಬಾಳದು” ಎಂದು ಹಳಿದು, ಐದು ಸಾವಿರಕ್ಕೆ ಇಳಿಸುತ್ತಾನೆ. ಇಬ್ಬರೂ ತಾವು ಜಾಣರೆಂದು ಹಿಗ್ಗುತ್ತಾರೆ. ಇಬ್ಬರಲ್ಲಿ ಯಾರು ತಪ್ಪಿದರು? ಎಷ್ಟು ತಪ್ಪಿದರು?

ಈ ಪ್ರಶ್ನೆ ಮೋಟಾರಿನಷ್ಟು ಹೊಸದಲ್ಲ. ಕ್ರಿಸ್ತಪೂರ್ವ ೪೪ರಲ್ಲಿ ರೋಮಿನ ಸಿಸೆರೋ ಎಂಬ ಪಂಡಿತನು ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದೇ ಚರ್ಚೆ ಬಂದಿದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕನು ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿರುವುದನ್ನು ಅವನು ದಾರಿಯಲ್ಲಿ ಕಂಡಿದ್ದಾನೆ. ಅದನ್ನು ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೆ? ಅಲ್ಲಿಯೇ ಇನ್ನೊಂದು ಉದಾಹರಣೆ: ಒಬ್ಬನು ಮನೆ ಮಾರುತ್ತಾನೆ, ಮರಮುಟ್ಟು ಕೆಟ್ಟಿರುವುದೂ ಕೋಣೆಗಳಲ್ಲಿ ವಿಷಜಂತುಗಳು ಇರುವುದೂ ಅವನೊಬ್ಬನಿಗೆ ಗೊತ್ತು. ಹೇಳಬೇಕೆ?

ಬ್ಯಾಬಿಲೋನಿನ ಡಯೋಜಿನಿಸ್ ಮತ್ತು ಅವನ ಶಿಷ್ಯನಾದ ಆಂಟಿಪೇಟರ್ ಎಂಬ ಇಬ್ಬರು ತತ್ತ್ವಜ್ಞರು ಇದರಲ್ಲಿ ಭಿನ್ನಮತದವರು. ಗುರುವಿನ ವಾದವಿದು: ಕಾನೂನು ಹೇಳೆಂದಷ್ಟನ್ನು ಹೇಳಿದರೆ ಸಾಕು, ಮುಚ್ಚಿಡುವುದು ಬೇರೆ, ಹೇಳದಿರುವುದು ಬೇರೆ, ಕೊಳ್ಳೆಂದು ಬಲಾತ್ಕರಿಸಲಿಲ್ಲವಷ್ಟೆ. ಶಿಷ್ಯನ ವಾದವಿದು: ದಾರಿತಪ್ಪಿದವನಿಗೆ ದಾರಿ ತೋರಿಸದಿರುವುದೇ ಪಾಪವಾದರೆ, ಇಲ್ಲಿ ನೀನು ಅರಿತು ಅರಿತು ಒಬ್ಬನನ್ನು ತಪ್ಪು ದಾರಿಗೆ ಬಿಡುತ್ತಿದ್ದೀಯೆ, ಮನುಷ್ಯರೆಲ್ಲರೂ ಒಂದೇ ಸಮಾಜಕ್ಕೆ ಸೇರಿದವರಾದುದರಿಂದ ನಿನ್ನ ಹಿತವೂ ಅವನ ಹಿತವೂ ಬೇರೆಯಲ್ಲ. ಸಿಸೆರೋ ಶಿಷ್ಯನ ಪಕ್ಷವನ್ನೇ ಹಿಡಿದನು.

ಕಾನೂನು ಮಾತ್ರ ಬಹುಮಟ್ಟಿಗೆ ಗುರುವಿನ ಪಕ್ಷದಲ್ಲಿಯೇ ನಿಂತಿದೆ. ಇಂಗ್ಲೆಂಡಿನಲ್ಲಿ ವ್ಯಾಪಾರಿಯೊಬ್ಬನಿಂದ ಕಾರನ್ನು ಕೊಂಡರೆ ೨೦೧೫ರ ಗ್ರಾಹಕರ ಹಕ್ಕುಗಳ ಕಾಯಿದೆಯ ರಕ್ಷಣೆ ಉಂಟು. ನೆರೆಮನೆಯ ಗೃಹಸ್ಥನೊಬ್ಬ ತನ್ನ ಕಾರನ್ನು ಮಾರಿದರೆ ಆ ರಕ್ಷಣೆ ಇಲ್ಲ. ಅವನು ವರ್ಣಿಸಿದಂತೆ ವಸ್ತು ಇರಬೇಕು, ಸುಳ್ಳು ಹೇಳಿರಬಾರದು, ಅಷ್ಟೆ. ವಸ್ತುವಿನ ಗುಣವನ್ನು ಕೊಳ್ಳುವವನೇ ನೋಡಿಕೊಳ್ಳಬೇಕು. ನಮ್ಮ ದೇಶದಲ್ಲಿಯೂ ೧೮೭೨ರ ಕರಾರು ಕಾಯಿದೆಯ ೧೭ನೆಯ ಕಲಮು ಮೌನದ ವಿಷಯದಲ್ಲಿ ಬಹು ಸ್ವಾರಸ್ಯವಾದ ದೃಷ್ಟಾಂತಗಳನ್ನು ಕೊಡುತ್ತದೆ. ಅಲ್ಲಿ ಕಾರಿಲ್ಲ, ಕುದುರೆಯಿದೆ. ರೋಗಿಷ್ಠವೆಂದು ತಿಳಿದೂ ಒಬ್ಬನು ಹರಾಜಿನಲ್ಲಿ ಕುದುರೆಯನ್ನು ಮಾರಿ ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ ಆ ಸಂಬಂಧದ ಕಾರಣದಿಂದ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು “ನೀವು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ” ಎಂದಾಗ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮಾನ.

ಈ ದೃಷ್ಟಾಂತಗಳನ್ನು ನಿಧಾನವಾಗಿ ಆಲೋಚಿಸಬೇಕು. ಕುದುರೆ ಅದೇ, ರೋಗ ಅದೇ, ಮೌನವೂ ಅದೇ. ಕೊಳ್ಳುವವಳು ಮಗಳಾದಾಗ ಮಾತ್ರ ಮೌನ ತಪ್ಪಾಗುತ್ತದೆ. ಕಾನೂನು ಇದಕ್ಕಿಂತ ಹೆಚ್ಚಿನದನ್ನು ಹೇಳಲಾರದು. ಏಕೆಂದರೆ ಅದು ದಂಡಿಸಬೇಕಾದ ಎಲ್ಲೆಯನ್ನು ಮಾತ್ರ ಗುರುತಿಸುತ್ತದೆ. ಧರ್ಮದ ಪ್ರಶ್ನೆ ಆ ಎಲ್ಲೆಯಿಂದ ಮುಂದೆ ಆರಂಭವಾಗುತ್ತದೆ. ಅನ್ಯನ ಮಗಳು ಆ ಕುದುರೆಯ ಮೇಲಿಂದ ಬಿದ್ದರೆ ಅವಳಿಗೆ ನೋವಾಗದೆ?

ಇಲ್ಲಿ ಮೊದಲ ತೀರ್ಮಾನವನ್ನು ಹೇಳಿಬಿಡಬಹುದು. ಪ್ರಾಣಕ್ಕೆ ಅಪಾಯ ತರುವ ದೋಷವನ್ನು ಕೇಳಲಿ ಕೇಳದಿರಲಿ ಹೇಳಲೇಬೇಕು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರಿನ ಕೊಳವೆಗಳು ವರ್ಷಗಳು ಕಳೆದಂತೆ ಒಳಗೊಳಗೇ ಊದುತ್ತವೆ, ಬಿರಿಯುತ್ತವೆ. ಹೊಸ್ತಿಲು ಪುಡಿಯಾದ ಕಾರು ಅಪಘಾತದಲ್ಲಿ ಕಾಗದದ ಪೆಟ್ಟಿಗೆಯಂತೆ ಮಡಿಸಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ೧೯೬೦ರಿಂದ ಮೋಟಾರುಗಳಿಗೆ ಕಡ್ಡಾಯ ತಪಾಸಣೆ ಇದೆ. ಆದರೆ ೨೦೧೮ರ ಮೇ ತಿಂಗಳಿನಿಂದ ೪೦ ವರ್ಷ ದಾಟಿದ, ಹೆಚ್ಚಿನ ಮಾರ್ಪಾಡು ಆಗದ ವಾಹನಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ಕೊನೆಯ ಎಂ.ಜಿ.ಬಿ. ತಯಾರಾಗಿಯೇ ೪೦ ವರ್ಷ ಮೀರಿದೆ. ಸರ್ಕಾರದ ಕಣ್ಣು ಹಿಂದೆ ಸರಿದಂತೆಲ್ಲ ಮಾರುವವನ ಮಾತಿನ ಮೇಲೆ ಬೀಳುವ ಭಾರ ಹೆಚ್ಚುತ್ತದೆ. ಆ ಕಾರಿನಲ್ಲಿ ನಾಳೆ ಕುಳಿತುಕೊಳ್ಳುವ ಮಗು ಈ ಚೌಕಾಸಿಯಲ್ಲಿ ಪಾಲುಗೊಂಡಿಲ್ಲ. ನೋಡಿಕೊಳ್ಳಿ ಎಂಬ ಎಚ್ಚರಿಕೆಯನ್ನು ಆ ಮಗುವಿಗೆ ಯಾರೂ ಕೊಟ್ಟಿಲ್ಲ.

ಹಾಗಾದರೆ ಎಲ್ಲವನ್ನೂ ಹೇಳಬೇಕೆ? ಹದಿಮೂರನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಇದಕ್ಕೊಂದು ವಿವೇಕದ ಮಿತಿ ಹಾಕಿದನು. ಅಪಾಯವನ್ನೋ ನಷ್ಟವನ್ನೋ ತರುವ ಗುಪ್ತ ದೋಷವನ್ನು ಹೇಳಲೇಬೇಕು; ಆದರೆ ಕುದುರೆಗೆ ಒಂದೇ ಕಣ್ಣಿದ್ದಂತೆ ದೋಷವು ಎದುರಿಗೇ ಕಾಣುವಂತಿದ್ದು, ಬೆಲೆಯಲ್ಲಿ ಅದಕ್ಕೆ ತಕ್ಕಷ್ಟು ಇಳಿಸಿದ್ದರೆ ಸಾರಿ ಹೇಳಬೇಕಾದುದಿಲ್ಲ. ಏಕೆಂದರೆ ಕೊಳ್ಳುವವನು ಅದನ್ನೇ ಹಿಡಿದು ನ್ಯಾಯಕ್ಕಿಂತ ಹೆಚ್ಚು ಇಳಿಸಲು ನೋಡಬಹುದು. ಹರಿದ ಆಸನ, ಮಾಸಿದ ಬಣ್ಣ, ಒಡೆದ ಗಾಜು ಇವನ್ನು ಕಣ್ಣಿದ್ದವನು ಕಾಣುತ್ತಾನೆ. ಹೊಸ್ತಿಲಿನ ಒಳಪದರ ಹಾಗಲ್ಲ.

ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಚೌಕಾಸಿಯ ಧರ್ಮ ಸ್ಪಷ್ಟವಾಗುತ್ತದೆಂದು ತೋರುತ್ತದೆ. ವ್ಯಾಪಾರದಲ್ಲಿ ಎರಡು ಬಗೆಯ ಸಂಗತಿಗಳಿವೆ. ಒಂದು, ವಸ್ತುವಿನ ಸ್ಥಿತಿ. ಇನ್ನೊಂದು, ಮನಸ್ಸಿನ ಸ್ಥಿತಿ. ನಾನು ಎಷ್ಟರವರೆಗೆ ಕೊಟ್ಟೇನು, ನನ್ನ ಚೀಲದಲ್ಲಿ ಎಷ್ಟಿದೆ, ನನಗೆ ಇದರ ಮೇಲೆ ಎಷ್ಟು ಆಸೆ — ಇವು ನನ್ನವು. ಇವನ್ನು ಹೊರಗೆಡಹಬೇಕಾದ ಹಂಗು ನನಗಿಲ್ಲ. ಇವುಗಳ ವಿಷಯದಲ್ಲಿ ಸುಳ್ಳಾಡದೆ ಸುಮ್ಮನಿದ್ದರೆ ಯಾರಿಗೂ ಮೋಸವಾಗದು. ಆದರೆ ವಸ್ತು ನಮ್ಮಿಬ್ಬರ ನಡುವೆ ಇರುವಂತಹುದು. ಅದರ ಸ್ಥಿತಿಯನ್ನು ಬಚ್ಚಿಟ್ಟರೆ ಅವನು ಕೊಳ್ಳುವುದೇ ಬೇರೆ, ನಾನು ಮಾರುವುದೇ ಬೇರೆಯಾಗುತ್ತದೆ. ಒಪ್ಪಂದವೆಂಬುದು ಹೆಸರಿಗೆ ಮಾತ್ರ.

ನಮ್ಮ ಜಾತ್ರೆಗಳ ದನದ ಸಂತೆಯಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಸೂಚಿಸುವ ಪದ್ಧತಿಯನ್ನು ವಾಚಕರು ನೋಡಿರಬಹುದು. ಅಲ್ಲಿ ಬಟ್ಟೆಯ ಮರೆಯಲ್ಲಿರುವುದು ಬೆಲೆಯೇ ಹೊರತು ಎತ್ತಲ್ಲ. ಎತ್ತು ಬಿಸಿಲಿನಲ್ಲಿ ನಾಲ್ಕು ಜನರ ಮುಂದೆ ನಿಂತಿರುತ್ತದೆ. ಬೇಕಾದರೆ ಹೂಡಿ ನೋಡಿ ಎನ್ನುತ್ತಾರೆ. ಬೆಲೆಗೆ ಮರೆಯಿರಲಿ, ಎತ್ತಿಗೆ ಮರೆ ಬೇಡ. ನೀರಿನೊಳಗಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟಿಸುವುದು ವ್ಯಾಪಾರವಲ್ಲ. ಈ ಒಂದು ವಿವೇಕವನ್ನು ಹಿಡಿದರೆ ಚೌಕಾಸಿಯು ತನ್ನಷ್ಟಕ್ಕೆ ಅಧರ್ಮವಲ್ಲವೆಂಬುದೂ, ಎಲ್ಲಿ ಅಧರ್ಮವಾಗುತ್ತದೆಂಬುದೂ ತಿಳಿಯುತ್ತದೆ.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು: “ಹೇಳುವುದೇನೋ ಸರಿ. ಮಾರುವವನು ಕಷ್ಟದಲ್ಲಿದ್ದಾನೆ, ಮಗಳ ಓದಿಗೋ ಹೆಂಡತಿಯ ಔಷಧಿಗೋ ಹಣ ಬೇಕಾಗಿದೆ. ತುಕ್ಕಿನ ಮಾತೆತ್ತಿದರೆ ಮೂರು ಸಾವಿರ ಕೈಬಿಡುತ್ತದೆ. ಕೊಳ್ಳುವವನಾದರೋ ಹವ್ಯಾಸಕ್ಕೆ ಕೊಳ್ಳುವ ಸ್ಥಿತಿವಂತ. ಇಂತಹ ಕಡೆಯೂ ಸತ್ಯವೇ ಹೇಳಬೇಕೆ?” ಇದು ತಳ್ಳಿಹಾಕುವ ಮಾತಲ್ಲ. ಕಷ್ಟದಲ್ಲಿದ್ದವನಿಗೆ ಸತ್ಯದ ಬೆಲೆ ಯಾವಾಗಲೂ ಹೆಚ್ಚು ಬೀಳುತ್ತದೆ. ಆದರೆ ಲೆಕ್ಕವನ್ನು ಸರಿಯಾಗಿ ಹಾಕಬೇಕು. ಆ ಮೂರು ಸಾವಿರ ಅವನ ಮಾತಿನಿಂದ ಹೋಗಲಿಲ್ಲ. ತುಕ್ಕಿನಿಂದ ಎಂದೋ ಹೋಗಿಬಿಟ್ಟಿದೆ. ಸುಮ್ಮನಿದ್ದು ಪಡೆದರೆ ಅದು ಕಾರಿನ ಬೆಲೆಯಲ್ಲ, ಇನ್ನೊಬ್ಬನಿಗೆ ತಿಳಿಯದೆ ಅವನಿಂದ ತೆಗೆದ ಹಣ. ಕೊಡಬಲ್ಲವನೆಂದ ಮಾತ್ರಕ್ಕೆ ಅವನಿಂದ ಕೇಳದೆ ತೆಗೆಯಬಹುದೆಂದಾಗದು. ಕಷ್ಟವಿದ್ದರೆ ಕಷ್ಟವೆಂದೇ ಹೇಳಿ ಕೇಳುವುದರಲ್ಲಿ ಹೀನಾಯವಿಲ್ಲ. ತುಕ್ಕನ್ನೂ ತೋರಿಸಿ, ತನ್ನ ಅಗತ್ಯವನ್ನೂ ಹೇಳಿದಾಗ, ಕೊಳ್ಳುವವನು ಸ್ವಲ್ಪ ಹೆಚ್ಚು ಕೊಟ್ಟರೆ ಅದು ಅವನ ಔದಾರ್ಯ. ಪಡೆದವನ ಮರ್ಯಾದೆಗೂ ಕುಂದಿಲ್ಲ.

ಇನ್ನೊಂದು ಮಾತೂ ಇದೆ. ಒಬ್ಬನ ಮೌನದ ನಷ್ಟ ಒಬ್ಬನಿಗೇ ನಿಲ್ಲುವುದಿಲ್ಲ. ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ೧೯೭೦ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ಕೆಟ್ಟ ಕಾರನ್ನು ಅಮೆರಿಕದವರು ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರೆ. ಒಳ್ಳೆಯದು ಯಾವುದು, ನಿಂಬೆಹಣ್ಣು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದಾಗ ಅವನು ಎಲ್ಲಕ್ಕೂ ನಡುಮಟ್ಟದ ಬೆಲೆಯನ್ನಷ್ಟೆ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಲ್ಲದೆ ಪೇಟೆಯಿಂದ ಹಿಂದೆ ಸರಿಯುತ್ತಾನೆ. ಉಳಿದವುಗಳಲ್ಲಿ ಕೆಟ್ಟವೇ ಹೆಚ್ಚಾಗಿ ಬೆಲೆ ಇನ್ನೂ ಇಳಿಯುತ್ತದೆ. ಮತ್ತೆ ಕೆಲವರು ಸರಿಯುತ್ತಾರೆ. ಹೀಗೆ ಪೇಟೆಯೇ ಕುಸಿಯಬಹುದು. ಈ ವಿಚಾರಧಾರೆಗಾಗಿ ಅವರಿಗೆ ೨೦೦೧ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳಿದ ಈ ಮಾತಿನ ನೀತಿ ಸ್ಪಷ್ಟವಾಗಿದೆ. ಕೆಲವರು ಮುಚ್ಚಿಟ್ಟ ತುಕ್ಕಿಗೆ ಪ್ರಾಮಾಣಿಕರಾದವರೆಲ್ಲ ದಂಡ ತೆರುತ್ತಾರೆ. ನಂಬಿಕೆಯೆಂಬುದು ಊರ ಕೆರೆಯಂತೆ. ಒಬ್ಬನು ಕದಡಿದರೆ ಎಲ್ಲರೂ ಬಗ್ಗಡವನ್ನೇ ಕುಡಿಯಬೇಕು.

ಇದುವರೆಗೆ ಮಾರುವವನ ಧರ್ಮವನ್ನೇ ಹೇಳಿದೆವು. ಕೊಳ್ಳುವವನು ನಿರ್ದೋಷಿಯೆಂದು ಯಾರೂ ಭ್ರಮಿಸಬಾರದು. ಚೆನ್ನಾಗಿರುವುದನ್ನು ಕೆಟ್ಟಿದೆಯೆಂದು ಹಳಿಯುವುದೂ ವಸ್ತುವಿನ ಸ್ಥಿತಿಯ ವಿಷಯದಲ್ಲಿ ಆಡಿದ ಸುಳ್ಳೇ. ಮೂರು ಸಾವಿರದ ದುರಸ್ತಿಗೆ ಐದು ಸಾವಿರವಾದೀತೆಂದು ಹೆದರಿಸುವುದು, ಕೊಳ್ಳುತ್ತೇನೆಂದು ಒಪ್ಪಿ ಮಾರುವವನು ಬೇರೆ ಗಿರಾಕಿಗಳನ್ನು ಕಳುಹಿಸಿದ ಮೇಲೆ ಕೊನೆಯ ಗಳಿಗೆಯಲ್ಲಿ ಹೊಸ ದೋಷ ಎತ್ತಿ ಬೆಲೆ ಮುರಿಯುವುದು — ಇವನ್ನು ಜಾಣತನವೆಂದು ಕೊಂಡಾಡುವ ರೂಢಿ ಇದೆ. ಮಾರುವವನು ಪುಟ್ಟಿ ಮೆತ್ತಿದ್ದು ತಗಡಿಗೆ. ಇವನು ಮೆತ್ತಿದ್ದು ಮಾತಿಗೆ.

ಕೊಳ್ಳುವವನಿಗೇ ಹೆಚ್ಚು ತಿಳಿದಿರುವ ಸಂದರ್ಭವೂ ಉಂಟು. ಗಂಡನು ತೀರಿಕೊಂಡ ಒಬ್ಬ ವೃದ್ಧೆಯ ಕೊಟ್ಟಿಗೆಯಲ್ಲಿ ಬಹು ವರ್ಷಗಳಿಂದ ಮುಸುಕು ಹಾಕಿ ನಿಲ್ಲಿಸಿದ ಒಂದು ಕಾರಿದೆಯೆಂದು ಇಟ್ಟುಕೊಳ್ಳೋಣ. ಆಕೆಗೆ ಅದು ಜಾಗ ತಿನ್ನುವ ಹಳೆಯ ಸಾಮಾನು. ಎರಡು ಸಾವಿರ ಪೌಂಡು ಕೊಟ್ಟು ತೆಗೆದುಕೊಂಡು ಹೋಗಿ ಎನ್ನುತ್ತಾಳೆ. ನೋಡಲು ಬಂದವನು ಬಾಗಿಲಿನ ಹಿಡಿಯನ್ನು ನೋಡುತ್ತಾನೆ. ಅದು ಮೊದಲ ಕೆಲವು ವರ್ಷಗಳ ಕಾರುಗಳಿಗೆ ಮಾತ್ರ ಇದ್ದ, ಎಳೆದು ತೆರೆಯುವ ಮಾದರಿಯದು. ಇಂಜಿನಿನ ಸಂಖ್ಯೆಯೂ ದಾಖಲೆಯ ಸಂಖ್ಯೆಯೂ ಒಂದೇ. ಹೊಸ್ತಿಲು ಗಟ್ಟಿಯಾಗಿದೆ. ಸ್ವಲ್ಪ ದುರಸ್ತಿಯಾದರೆ ಇದರ ಬೆಲೆ ಅನೇಕ ಪಟ್ಟು. ಈಗ ಅವನು ಸುಮ್ಮನೆ ಎರಡು ಸಾವಿರ ಎಣಿಸಿಕೊಡಬಹುದೆ?

ಕಷ್ಟಪಟ್ಟು ಕಲಿತ ವಿದ್ಯೆಗೆ ಫಲವಿರಬೇಡವೆ ಎಂದು ಅವನು ಕೇಳುತ್ತಾನೆ. ಇರಲೇಬೇಕು. ಕೆಟ್ಟುದನ್ನು ಸರಿಪಡಿಸುವ ಕೈಚಳಕ, ಅದಕ್ಕೆ ತಗಲುವ ತಿಂಗಳುಗಳ ದುಡಿಮೆ, ನಷ್ಟವಾದರೂ ಆದೀತೆಂಬ ಸಾಹಸ, ಇವುಗಳಿಂದ ಬಂದ ಲಾಭ ಅವನ ಕಾಯಕದ ಫಲ. ಕಾರನ್ನು ಚೆನ್ನಾಗಿ ಮಾಡಿ ನಾಳೆ ಹೆಚ್ಚು ಬೆಲೆಗೆ ಮಾರಿದರೆ ಅದರಲ್ಲಿ ದೋಷವಿಲ್ಲ. ಆದರೆ ಆಕೆಯ ವಸ್ತುವಿನ ವಿಷಯದಲ್ಲಿ ಆಕೆಗಿರುವ ಅಜ್ಞಾನದಿಂದ ಬಂದ ಲಾಭ ದುಡಿಮೆಯದಲ್ಲ. ದಲ್ಲಾಳಿ ದಲ್ಲಾಳಿಯೊಡನೆ ವ್ಯವಹರಿಸುವಾಗ ಇಬ್ಬರೂ ತಿಳಿದೇ ಕಣಕ್ಕಿಳಿದವರು. ಅಲ್ಲಿ ಕಾಣುವ ಕಣ್ಣಿನವನಿಗೆ ಲಾಭವಾದರೆ ಆಗಲಿ. ನಂಬಿ ಬಾಗಿಲು ತೆರೆದವರ ಮನೆಯಲ್ಲಿ ಆ ನ್ಯಾಯ ಸಲ್ಲದು.

ಇದು ಅತಿಯಾದ ಆದರ್ಶವೆಂದು ತೋರಬಹುದು. ಸಿಸೆರೋ ಇದಕ್ಕೂ ಒಂದು ನಿದರ್ಶನ ಕೊಟ್ಟಿದ್ದಾನೆ. ರೋಮಿನ ಸ್ಕೀವೊಲ ಎಂಬ ನ್ಯಾಯಜ್ಞನು ಒಂದು ಹೊಲವನ್ನು ಕೊಳ್ಳಲು ಹೋದಾಗ, ಚೌಕಾಸಿ ಬೇಡ, ಒಂದೇ ಮಾತಿನಲ್ಲಿ ಬೆಲೆ ಹೇಳೆಂದನಂತೆ. ಮಾರುವವನು ಹೇಳಿದನು. ತನ್ನ ಅಂದಾಜಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚೆಂದು ಸ್ಕೀವೊಲನು ತಾನಾಗಿಯೇ ಒಂದು ಲಕ್ಷ ನಾಣ್ಯಗಳನ್ನು ಸೇರಿಸಿ ಕೊಟ್ಟನು. ಇದನ್ನು ಸಜ್ಜನನ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ, ಜಾಣನ ಕೆಲಸವೆಂದು ಒಪ್ಪುವುದಿಲ್ಲ. ಒಳ್ಳೆಯತನ ಬೇರೆ, ಜಾಣತನ ಬೇರೆ ಎಂದು ಎಣಿಸುವುದೇ ಲೋಕದ ಕೇಡಿಗೆ ಮೂಲ ಎಂಬುದು ಸಿಸೆರೋವಿನ ಅಭಿಪ್ರಾಯ. ಎಲ್ಲರೂ ಸ್ಕೀವೊಲನಾಗಲಾರರು. ಆದರೆ ವೃದ್ಧೆಗೆ “ತಾಯಿ, ಇದು ನೀವು ತಿಳಿದುದಕ್ಕಿಂತ ಬೆಲೆಬಾಳುವ ವಸ್ತು, ಇನ್ನೊಬ್ಬರಿಗೂ ತೋರಿಸಿ, ಆಮೇಲೆ ನನಗೆ ಹೇಳಿ” ಎನ್ನುವಷ್ಟು ಎಲ್ಲರಿಗೂ ಸಾಧ್ಯ.

ಇಬ್ಬರಿಗೂ ತಿಳಿಯದ ಸಂಗತಿಗಳ ಗತಿಯೇನು? ಹಳೆಯ ಯಂತ್ರದಲ್ಲಿ ಅಂತಹವು ಬಹಳ. ಅಲ್ಲಿ ಬಿಚ್ಚಿ ನೋಡಿಲ್ಲ, ತಿಳಿಯದು ಎಂಬುದೇ ಸತ್ಯ. ತಿಳಿಯದುದನ್ನು ತಿಳಿಯದುದೆಂದೇ ಮಾರಬಹುದು, ಕೊಳ್ಳಬಹುದು. ಅದಕ್ಕೆ ತಕ್ಕಂತೆ ಬೆಲೆ ತಗ್ಗುತ್ತದೆ. ನಾಳೆ ಕೆಟ್ಟರೆ ಕೊಂಡವನು ಹಲುಬಬಾರದು, ಚೆನ್ನಾಗಿದ್ದರೆ ಮಾರಿದವನು ಕರುಬಬಾರದು. ಇದ್ದದ್ದು ಇದ್ದಂತೆ ಎಂಬ ಮಾತು ನಿಜವಾಗುವುದು ಇಲ್ಲಿ ಮಾತ್ರ. ತಿಳಿದದ್ದನ್ನು ಮುಚ್ಚಲು ಬಳಸಿದಾಗ ಅದೇ ಮಾತು ಬಲೆಯಾಗುತ್ತದೆ. ಆದುದರಿಂದ ನಡೆಯಬೇಕಾದ ಕ್ರಮ ಸರಳವಾಗಿದೆ. ಮಾರುವವನು ತಿಳಿದ ದೋಷಗಳನ್ನೂ ತಾನು ಮಾಡಿಸಿದ ದುರಸ್ತಿಯ ರಸೀದಿಗಳನ್ನೂ ಮೇಜಿನ ಮೇಲೆ ಇಡಲಿ. ಇಬ್ಬರಿಗೂ ಬೇಕಾದ ಒಬ್ಬ ಮೇಸ್ತ್ರಿ ಕಾರನ್ನು ಎತ್ತಿ ನೋಡಿ ಖರ್ಚಿನ ಅಂದಾಜು ಹೇಳಲಿ. ಚೆನ್ನಾಗಿರುವ ಕಾರಿನ ಬೆಲೆಯಿಂದ ಆ ಖರ್ಚನ್ನು ಕಳೆಯಲಿ. ಉಳಿದ ಅಂತರಕ್ಕೆ ಬೇಕಾದಷ್ಟು ಚೌಕಾಸಿ ಮಾಡಲಿ; ಅದರಲ್ಲಿ ಒಂದು ಸಂತೋಷವೂ ಇದೆ. ಒಪ್ಪಿದುದನ್ನು ಬರೆದು ಸಂಚಕಾರ ಕೊಟ್ಟ ಮೇಲೆ ಮಾತು ತಿರುಗದಿರಲಿ.

ಕೊನೆಗೆ, ಕೊಳ್ಳುವವನು ಇನ್ನೊಬ್ಬನಿಂದ ಮೋಸಹೋಗುವುದಕ್ಕಿಂತ ಹೆಚ್ಚಾಗಿ ತನ್ನಿಂದ ತಾನೇ ಮೋಸಹೋಗುತ್ತಾನೆಂಬುದನ್ನು ಮರೆಯಬಾರದು. ಕೆಂಪು ಬಣ್ಣಕ್ಕೆ ಮನಸೋತ ಕಣ್ಣು ಬಾಗಿಲ ಸಂದನ್ನು ನೋಡಲೊಲ್ಲದು. ಅಯಸ್ಕಾಂತ ಜಾರಿದರೂ ಕೈ ಅದನ್ನು ಬೇರೆ ಕಡೆಗೆ ಸರಿಸುತ್ತದೆ. ದುರಸ್ತಿಗೆ ಮೂರು ಸಾವಿರವೆಂದು ಮೇಸ್ತ್ರಿ ಹೇಳಿದರೆ, ಒಂದೂವರೆ ಸಾಕೆಂದು ಆಸೆ ಹೇಳುತ್ತದೆ. ಆ ಒಂದೂವರೆಯನ್ನೂ ಮನೆಯಾಕೆಯ ಮುಂದೆ ಐದುನೂರೆಂದು ಹೇಳುವ ಗೃಹಸ್ಥರು ಇಂಗ್ಲೆಂಡಿನಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಅಲ್ಲಿ ಕಾರು, ಇಲ್ಲಿ ಇನ್ನೊಂದು, ಅಷ್ಟೆ ವ್ಯತ್ಯಾಸ. ಮಾರುವವನಿಂದ ನಿಜವನ್ನು ಕೇಳುವ ಅಧಿಕಾರವಿರುವುದು ಮನೆಯವರಿಗೆ ನಿಜವನ್ನು ಹೇಳಿ ಹೊರಟವನಿಗೆ. ಸಂಸಾರದ ಹಣ ಅವನೊಬ್ಬನ ಹಣವಲ್ಲ; ಅಂಗಳದಲ್ಲಿ ಬಿಚ್ಚಿಬಿದ್ದ ಕಾರು ವರ್ಷಗಟ್ಟಲೆ ಹಣ ನುಂಗುವಾಗ ಅದಕ್ಕೆ ಉಪವಾಸ ಬೀಳುವುದು ಮಕ್ಕಳ ಪಾಲು.

ಹಳೆಯ ವಸ್ತುವನ್ನು ಪ್ರೀತಿಸುವುದು, ಕೆಟ್ಟುದನ್ನು ಎಸೆಯದೆ ಸರಿಪಡಿಸಿ ಬಾಳಿಸುವುದು ಒಳ್ಳೆಯ ಗುಣ. ಅರ್ಧ ಶತಮಾನದ ಹಿಂದೆ ಕಾರ್ಖಾನೆಯ ಕಾರ್ಮಿಕರು ಬೆಸೆದ ತಗಡನ್ನು ಇಂದು ಇನ್ನೊಬ್ಬನು ಕತ್ತರಿಸಿ ಮತ್ತೆ ಬೆಸೆಯುತ್ತಾನೆ. ಆ ಕೆಲಸದ ನಿಯಮವೊಂದೇ: ತುಕ್ಕನ್ನು ಮುಚ್ಚಬಾರದು, ಗಟ್ಟಿ ಲೋಹ ಸಿಕ್ಕುವವರೆಗೆ ಕತ್ತರಿಸಬೇಕು, ಅಲ್ಲಿಂದ ಮುಂದೆ ಬೆಸುಗೆ ಹಿಡಿಯುತ್ತದೆ. ಕೊಡುವವರ ಕೊಳ್ಳುವವರ ನಡುವಿನ ಮಾತಿಗೂ ಇದೇ ನಿಯಮ ಅನ್ವಯಿಸುತ್ತದೆ. ವಸ್ತುವಿನ ನಿಜವನ್ನು ಇಬ್ಬರೂ ಕಂಡ ಮೇಲೆ ಆದ ಒಪ್ಪಂದದಲ್ಲಿ ಬೆಲೆ ನೂರು ಹೆಚ್ಚಾದರೇನು, ನೂರು ಕಡಿಮೆಯಾದರೇನು? ಇಬ್ಬರೂ ನಾಳೆ ದಾರಿಯಲ್ಲಿ ಎದುರಾದಾಗ ತಲೆ ತಗ್ಗಿಸದೆ ಮಾತನಾಡಬಹುದು. ಗೃಹಸ್ಥನಿಗೆ ಇದಕ್ಕಿಂತ ಹೆಚ್ಚಿನ ಲಾಭ ಬೇಕಿಲ್ಲ.